ಕ್ಯಾಮ್ ಸವೆದರೆ ಆಯಿಲನ್ನೇ ದೂರಬೇಕೆ?

ಹಳೆಯ ವಿ8 ಎಂಜಿನ್ನೊಂದನ್ನು ಇನ್ನಷ್ಟು ಶಕ್ತಿಗಾಗಿ ಹೊಸದಾಗಿ ಕಟ್ಟಲೆಂದು ಬಿಚ್ಚಿದಾಗ, ಕ್ಯಾಮ್‌ಶಾಫ್ಟಿನ 16 ಲೋಬ್‌ಗಳಲ್ಲಿ ಒಂದೆರಡರ ಮೂಗು ಸವೆದು ದುಂಡಗಾಗಿರುವುದು ಅಪರೂಪವೇನಲ್ಲ. ಅದನ್ನು ಕಂಡ ತಕ್ಷಣ ಹೊರಬೀಳುವ ತೀರ್ಪೂ ಹೆಚ್ಚುಕಡಿಮೆ ಸಿದ್ಧವಾಗಿಯೇ ಇರುತ್ತದೆ: ಈಗಿನ ಆಯಿಲಿನಲ್ಲಿ ಝಿಂಕ್ ಇಲ್ಲ, ಅದಕ್ಕೇ ಕ್ಯಾಮ್ ಹೋಯಿತು. ಹೊಸ ಕ್ಯಾಮ್ ತರಿಸುತ್ತಾರೆ, ಝಿಂಕ್ ಹೆಚ್ಚಿರುವ ದುಬಾರಿ ಆಯಿಲ್ ಹಾಕುತ್ತಾರೆ, ಎಂಜಿನ್ ಮತ್ತೆ ಜೋಡಣೆಯಾಗುತ್ತದೆ. ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ. ಎಷ್ಟೋ ಸಲ ಅದೇ ಸಿಲಿಂಡರಿನ ಅದೇ ಲೋಬ್ ಮತ್ತೆ ಬೋಳಾಗುತ್ತದೆ, ಈ ಬಾರಿ ಇನ್ನೂ ಬೇಗ. ಆಯಿಲನ್ನು ದೂರುವುದು ಪೂರ್ತಿ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಆ ದೂರು ಸವೆತದ ಪರೀಕ್ಷೆಯ ಜಾಗವನ್ನೇ ಆಕ್ರಮಿಸಿಕೊಂಡಿದೆ. ಸವೆದ ಲೋಬನ್ನು ಅದರ ಟ್ಯಾಪೆಟ್, ಟ್ಯಾಪೆಟ್ ಕೂರುವ ಬೋರ್, ವಾಲ್ವ್ ಸ್ಪ್ರಿಂಗ್ ಇವುಗಳ ಜೊತೆಗಿಟ್ಟು ಓದಿದರೆ ಕಾರಣ ಹೆಚ್ಚಿನ ಸಲ ಅಲ್ಲೇ ಬರೆದಿಟ್ಟಂತೆ ಸಿಗುತ್ತದೆ. ಕ್ಯಾಮನ್ನು ಒಂಟಿಯಾಗಿ ನೋಡಿದವರಿಗೆ ಸಿಗುವುದು ಸವೆತದ ಅಳತೆ ಮಾತ್ರ.

ಮಾತು ಗಾಳಿಯಲ್ಲಿ ತೇಲದಿರಲು ಒಂದು ಎಂಜಿನ್ನನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು. ಷೆವರ್ಲೆಯ ಸ್ಮಾಲ್ ಬ್ಲಾಕ್ ವಿ8 1955ರಲ್ಲಿ 265 ಘನ ಇಂಚಿನ ಗಾತ್ರದಲ್ಲಿ ಬಂತು. ಮುಂದೆ ಮೂರು ದಶಕಗಳ ಕಾಲ, 1987ರ ಸುಮಾರಿಗೆ ರೋಲರ್ ಟ್ಯಾಪೆಟ್ ಬರುವವರೆಗೂ, ಅದರ ಕ್ಯಾಮ್ ತಿರುಗಿದ್ದು ಚಪ್ಪಟೆ ಟ್ಯಾಪೆಟ್‌ಗಳ ಕೆಳಗೆ. ಶಕ್ತಿ ಹೆಚ್ಚಿಸಿಕೊಳ್ಳಲು ಜಗತ್ತಿನಲ್ಲಿ ಇಷ್ಟೊಂದು ಜನ ಕೈಹಾಕಿದ ಎಂಜಿನ್ ಇನ್ನೊಂದು ಇರಲಾರದು. ಹಾಗಾಗಿ ಕ್ಯಾಮ್ ಸವೆತದ ಪಾಠಗಳೂ ಇದರಲ್ಲೇ ಹೆಚ್ಚು. ನಮ್ಮ ರಸ್ತೆಗಳಲ್ಲಿ ಓಡಾಡಿದ ಬಿಎಂಸಿ ಬಿ-ಸೀರೀಸ್ ಎಂಜಿನ್ನಿನ ಅಂಬಾಸಡರ್, ಫಿಯೆಟ್ ಮೂಲದ ಪ್ರೀಮಿಯರ್ ಪದ್ಮಿನಿ ಎರಡರಲ್ಲೂ ಇದೇ ಬಗೆಯ ವ್ಯವಸ್ಥೆ ಇತ್ತು: ಬ್ಲಾಕಿನೊಳಗೆ ಕ್ಯಾಮ್, ಅದರ ಮೇಲೆ ಟ್ಯಾಪೆಟ್, ಅಲ್ಲಿಂದ ಪುಷ್‌ರಾಡ್, ರಾಕರ್, ಕೊನೆಗೆ ವಾಲ್ವ್. ಸ್ಮಾಲ್ ಬ್ಲಾಕಿನಲ್ಲಿ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವ ಕ್ಯಾಮಿನ ಲೋಬ್, 0.842 ಇಂಚು ವ್ಯಾಸದ ಟ್ಯಾಪೆಟ್ಟಿನ ಅಡಿಯನ್ನು ಉಜ್ಜುತ್ತಾ ಮೇಲೆತ್ತುತ್ತದೆ. ಬೇರಿಂಗ್‌ಗಳಲ್ಲಿ ಒತ್ತಡದ ಆಯಿಲ್ ಪದರ ಶಾಫ್ಟನ್ನು ತೇಲಿಸಿಟ್ಟಿರುತ್ತದೆ, ಇಲ್ಲಿ ಅದಿಲ್ಲ. ಸೂಜಿಯಗಲದ ಗೆರೆಯೊಂದರಲ್ಲಿ ಲೋಹ ಲೋಹವನ್ನು ಮುಟ್ಟುತ್ತದೆ. ಒಂದೊಂದು ಸುತ್ತಿನಲ್ಲೂ ಎರಡು ಕ್ಷಣ ಆಯಿಲನ್ನು ಒಳಗೆ ಎಳೆದುಕೊಳ್ಳುವ ವೇಗ ಸೊನ್ನೆಗೆ ಇಳಿದು ಹೋಗುತ್ತದೆ. ಎಂಜಿನ್ನಿನೊಳಗೆ ಇದಕ್ಕಿಂತ ಕಠಿಣವಾದ ಉಜ್ಜಾಟ ಬೇರೆಲ್ಲೂ ಇಲ್ಲವೆಂದರೆ ಉತ್ಪ್ರೇಕ್ಷೆಯಲ್ಲ.

ಇಂಥ ಕಡೆ ಲೋಹ ಉಳಿದುಕೊಳ್ಳುವುದು ಒಂದು ಜಾಣ ಜ್ಯಾಮಿತಿಯಿಂದ. ಚಪ್ಪಟೆ ಟ್ಯಾಪೆಟ್ ನಿಜಕ್ಕೂ ಚಪ್ಪಟೆಯಲ್ಲ. ಅದರ ಅಡಿಯನ್ನು ಬಹಳ ದೊಡ್ಡ ಗೋಳದ ಒಂದು ತುಣುಕಿನಂತೆ ಉಬ್ಬಾಗಿ ಗ್ರೈಂಡ್ ಮಾಡಿರುತ್ತಾರೆ. ಗೋಳದ ತ್ರಿಜ್ಯ 50 ಇಂಚು ಎಂದಿಟ್ಟುಕೊಂಡರೆ ಅಂಚಿಗಿಂತ ನಡುಭಾಗ ಎರಡು ಥೌನಷ್ಟು, ಅಂದರೆ ಇಂಚಿನ ಸಾವಿರದ ಎರಡಂಶದಷ್ಟು ಎತ್ತರವಿರುತ್ತದೆ. ಲೋಬಿನ ಮೈಯೂ ಅಡ್ಡಕ್ಕೆ ಒಂದೆರಡು ಥೌ ಇಳಿಜಾರು. ಮೇಲಾಗಿ ಲೋಬಿನ ನಡುಗೆರೆಗೂ ಟ್ಯಾಪೆಟ್ಟಿನ ನಡುವಿಗೂ ಬೇಕೆಂದೇ ಸ್ವಲ್ಪ ಅಂತರ ಇಟ್ಟಿರುತ್ತಾರೆ. ಈ ಮೂರೂ ಸೇರಿ ಪ್ರತಿ ಎತ್ತುವಿಕೆಯಲ್ಲೂ ಟ್ಯಾಪೆಟ್ಟನ್ನು ಅದರ ಬೋರ್‌ನಲ್ಲಿ ಚೂರು ಚೂರೇ ತಿರುಗಿಸುತ್ತವೆ. ತಿರುಗುವ ಟ್ಯಾಪೆಟ್ ತನ್ನ ಅಡಿಯ ಬೇರೆ ಬೇರೆ ಭಾಗವನ್ನು ಲೋಬಿಗೆ ಒಡ್ಡುತ್ತದೆ. ಶಾಖವೂ ಸವೆತವೂ ಹಂಚಿಹೋಗುತ್ತವೆ. ತಿರುಗುವುದು ನಿಂತಿತೋ, ಸಾಣೆಕಲ್ಲಿಗೆ ಒಂದೇ ಜಾಗದಲ್ಲಿ ಒತ್ತಿ ಹಿಡಿದ ಕತ್ತಿಯ ಗತಿ ಅದಕ್ಕೆ. ಎರಡು ಥೌ ಎಂದರೆ ತಲೆಗೂದಲಿಗಿಂತ ತೆಳು. ಸವೆತವೋ, ಕಳಪೆ ಗ್ರೈಂಡಿಂಗೋ, ಬೋರ್ ಸ್ವಲ್ಪ ಓರೆಯಾಗಿ ಕೊರೆದುಹೋಗಿರುವುದೋ, ಯಾವುದೇ ಒಂದು ಆ ಅಂತರವನ್ನು ನುಂಗಿದರೂ ತಿರುಗುವಿಕೆ ನಿಲ್ಲುತ್ತದೆ. ಆ ಲೋಬಿನ ಆಯಸ್ಸು ಅಲ್ಲಿಂದಾಚೆಗೆ ಕೆಲವೇ ನಿಮಿಷಗಳಾದರೂ ಆಶ್ಚರ್ಯವಿಲ್ಲ.

ಈಗ ಆಯಿಲಿನ ಪ್ರಶ್ನೆ. ಝಿಂಕ್ ಎಂದು ಎಲ್ಲರ ಬಾಯಲ್ಲಿರುವುದು ಝಡ್‌ಡಿಡಿಪಿ ಎಂಬ ಸಂಯುಕ್ತ. 1940ರ ದಶಕದಲ್ಲಿ ಅದನ್ನು ಆಯಿಲಿಗೆ ಸೇರಿಸತೊಡಗಿದ್ದು ಬೇರಿಂಗ್ ಲೋಹ ಕೊರೆದುಹೋಗದಿರಲಿ, ಆಯಿಲ್ ಬೇಗ ಕೆಡದಿರಲಿ ಎಂದು. ಉಜ್ಜಾಟದಲ್ಲಿ ಅದು ಲೋಹದ ಮೇಲೆ ಫಾಸ್ಫೇಟಿನ ಗಾಜಿನಂಥ ಪದರ ಕಟ್ಟಿ ಸವೆತ ತಡೆಯುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಪದರದ ದಪ್ಪ ಸುಮಾರು 100 ನ್ಯಾನೋಮೀಟರ್. ಝಡ್‌ಡಿಡಿಪಿಯೊಳಗಿನ ಫಾಸ್ಫರಸ್ ಸೈಲೆನ್ಸರಿನ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ ಎಂದು 1990ರ ದಶಕದಿಂದ ಅದರ ಪ್ರಮಾಣಕ್ಕೆ ಮಿತಿ ಬಿಗಿಯಾಗುತ್ತ ಬಂತು: ಮೊದಲು ಶೇ. 0.12, ನಂತರ 0.10, 2004ರ ಎಪಿಐ ಎಸ್‌ಎಂ ದರ್ಜೆಯಲ್ಲಿ 0.08. ಹಳೆಯ ಎಂಜಿನ್‌ಗಳನ್ನು ಕಟ್ಟುವವರಲ್ಲಿ ಕ್ಯಾಮ್ ಹೋದ ಕತೆಗಳು ಹೆಚ್ಚಿದ್ದೂ ಇದೇ ಕಾಲಕ್ಕೆ. ಎರಡನ್ನೂ ಜೋಡಿಸಿ ನೋಡುವುದು ಸಹಜ. ಸಂಬಂಧ ಇಲ್ಲವೇ ಇಲ್ಲ ಎಂದೂ ಹೇಳಲಾಗದು. ಆದರೆ ಜೊತೆಗೆ ನೋಡಬೇಕಾದ ಸಂಗತಿಗಳಿವೆ. ಆ 0.08ರ ಮಿತಿ 5ಡಬ್ಲ್ಯೂ-30, 10ಡಬ್ಲ್ಯೂ-30ನಂಥ ತೆಳು ದರ್ಜೆಗಳಿಗೆ ಮಾತ್ರ; 20ಡಬ್ಲ್ಯೂ-50ನಂಥ ದಪ್ಪ ಆಯಿಲಿಗೆ ಅದು ಅನ್ವಯಿಸುವುದಿಲ್ಲ. ಇನ್ನೊಂದು, ಆ ದರ್ಜೆ ಪಡೆಯಲು ಆಯಿಲ್ ದಾಟಬೇಕಿದ್ದ ಪರೀಕ್ಷೆಗಳಲ್ಲೊಂದಾದ ಸೀಕ್ವೆನ್ಸ್ IIIಜಿ ನಡೆಯುತ್ತಿದ್ದುದು ಜನರಲ್ ಮೋಟರ್ಸಿನ 3.8 ಲೀಟರ್ ವಿ6 ಎಂಜಿನ್ನಿನಲ್ಲಿ, ಅದೂ ಚಪ್ಪಟೆ ಟ್ಯಾಪೆಟ್ ಹಾಕಿ. ಕುದಿಯುವ ನೀರಿಗಿಂತ ಎಷ್ಟೋ ಹೆಚ್ಚು, 150 ಡಿಗ್ರಿ ಬಿಸಿಯ ಆಯಿಲಿನಲ್ಲಿ 100 ಗಂಟೆ ಓಡಿದ ಮೇಲೂ ಕ್ಯಾಮ್ ಮತ್ತು ಟ್ಯಾಪೆಟ್ ಸೇರಿ ಸರಾಸರಿ ಸವೆತ 60 ಮೈಕ್ರಾನ್ ಮೀರಬಾರದು ಎಂಬುದು ನಿಯಮ. ಇಂಥದ್ದನ್ನು ದಾಟಿದ ಆಯಿಲ್ ಸರಿಯಾಗಿ ತಿರುಗುತ್ತಿರುವ, ಕಂಪನಿಯ ಸ್ಪ್ರಿಂಗ್ ಇರುವ ಕ್ಯಾಮನ್ನು ತನ್ನಷ್ಟಕ್ಕೆ ತಿಂದುಹಾಕುತ್ತದೆ ಎಂದು ನಂಬುವುದು ಕಷ್ಟ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪ ಇದೆ. ಪರೀಕ್ಷೆಯ ಎಂಜಿನ್ನಿನ ಸ್ಪ್ರಿಂಗ್ ಬೇರೆ, ರೇಸ್ ಕ್ಯಾಮಿನ ಸ್ಪ್ರಿಂಗ್ ಬೇರೆ; ಪರೀಕ್ಷೆ ದಾಟಿದ ಆಯಿಲ್ ಇಲ್ಲಿ ಸೋಲಬಹುದಲ್ಲವೇ? ಖಂಡಿತ ಸೋಲಬಹುದು. ಆದರೆ ಹಾಗೆಂದ ಕೂಡಲೇ ಆಯಿಲ್ ಸಾಕೇ ಎಂಬ ಪ್ರಶ್ನೆಗೆ ಸ್ಪ್ರಿಂಗಿನ ಒತ್ತಡ ತಿಳಿಯದೆ ಉತ್ತರವಿಲ್ಲ ಎಂದು ಒಪ್ಪಿಕೊಂಡಂತಾಯಿತು. ಆಯಿಲನ್ನು ಮಾತ್ರ ದೂರುವುದಕ್ಕೆ ಎದುರಾದ ಇನ್ನೂ ದೊಡ್ಡ ಸಾಕ್ಷಿ ಕ್ಯಾಮಿನ ಮೇಲೇ ಇರುತ್ತದೆ. 16 ಲೋಬ್‌ಗಳಿಗೂ ಸಿಡಿಯುವುದು ಒಂದೇ ಆಯಿಲ್. ಎರಡು ಹಾಳಾಗಿ ಹದಿನಾಲ್ಕು ಹೊಳೆಯುತ್ತಿದ್ದರೆ ಆ ಎರಡಕ್ಕೆ ಬೇರೇನೋ ಆಗಿದೆ ಎಂದೇ ಅರ್ಥ. ಆಯಿಲ್ ಕಳಪೆಯಾಗಿದ್ದರೆ ದುರ್ಬಲವಾದದ್ದು ಮೊದಲು ಹೋಗುತ್ತದೆ ಎಂದು ಮರುವಾದ ಹೂಡಬಹುದು. ಸರಿ, ಹಾಗಿದ್ದರೆ ಅದು ಯಾಕೆ ದುರ್ಬಲವಾಯಿತು ಎಂಬುದೇ ಕೇಳಬೇಕಾದ ಪ್ರಶ್ನೆ. ಉತ್ತಮ ಆಯಿಲ್ ಆ ದೌರ್ಬಲ್ಯವನ್ನು ಸ್ವಲ್ಪ ಕಾಲ ಮರೆಸುತ್ತದೆಯೇ ಹೊರತು ತೆಗೆಯುವುದಿಲ್ಲ. ಹಾಳಾದ ಲೋಬ್‌ಗಳು ಎಲ್ಲೆಲ್ಲಿವೆ ಎಂದು ಒಂದು ಕಾಗದದ ಮೇಲೆ ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಹದಿನಾರೂ ಒಂದೇ ಸಮನೆ ಸವೆದಿದ್ದರೆ ಆಯಿಲ್, ಸ್ಪ್ರಿಂಗ್ ಅಥವಾ ರನ್ನಿಂಗ್-ಇನ್, ಅಂದರೆ ಹೊಸ ಕ್ಯಾಮನ್ನು ಪಳಗಿಸುವ ಮೊದಲ ಓಟದ ಮೇಲೆ ಸಂಶಯ ಪಡಬೇಕು. ಅಲ್ಲೊಂದು ಇಲ್ಲೊಂದು ಸವೆದಿದ್ದರೆ ಆಯಾ ಟ್ಯಾಪೆಟ್, ಆಯಾ ಬೋರ್. ಅಕ್ಕಪಕ್ಕದವು ಗುಂಪಾಗಿ ಹೋಗಿದ್ದರೆ ಶಾಫ್ಟ್ ಬಾಗಿದೆಯೇ, ಆ ಭಾಗಕ್ಕೆ ಆಯಿಲ್ ತಲುಪುತ್ತಿಲ್ಲವೇ ಎಂದು ಹುಡುಕಬೇಕು.

ಎಂಜಿನ್ ಬಿಚ್ಚುವ ಮೊದಲೇ ಸಿಗುವ ಸುಳಿವುಗಳನ್ನು ಕೈಬಿಡುವುದು ದೊಡ್ಡ ನಷ್ಟ, ಯಾಕೆಂದರೆ ಬಿಚ್ಚಿದ ಮೇಲೆ ಅವು ಮತ್ತೆ ಸಿಗುವುದಿಲ್ಲ. ಒಂದು ಸಿಲಿಂಡರಿನ ಕಂಪ್ರೆಷನ್ ಕಡಿಮೆ ಬಂದರೆ ಗ್ಯಾರೇಜಿನಲ್ಲಿ ಮೊದಲು ನೆನಪಾಗುವುದು ರಿಂಗು ಅಥವಾ ವಾಲ್ವ್ ಸೀಟು. ಅದೇ ಸಿಲಿಂಡರಿನಲ್ಲಿ ಪಿಸ್ಟನ್ ಮೇಲಕ್ಕೆ ತಂದು, ಎರಡೂ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ಗಾಳಿ ತುಂಬಿ ಲೀಕ್‌ಡೌನ್ ಪರೀಕ್ಷೆ ಮಾಡಿ ನೋಡಬೇಕು. ಅಲ್ಲಿ ಸೋರಿಕೆ ಮಾಮೂಲಿನಷ್ಟೇ ಇದ್ದರೆ ಸಿಲಿಂಡರ್ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತಿದೆ, ಆದರೆ ಎಳೆದುಕೊಳ್ಳುತ್ತಿಲ್ಲ ಎಂದಾಯಿತು: ಇನ್‌ಟೇಕ್ ವಾಲ್ವ್ ಪೂರ್ತಿ ತೆರೆಯುತ್ತಿಲ್ಲ. ಎಕ್ಸಾಸ್ಟ್ ಲೋಬ್ ಸವೆದಿದ್ದರೆ ಲಕ್ಷಣ ಬೇರೆ. ಸುಟ್ಟ ಅನಿಲ ಹೊರಹೋಗದೆ ಉಳಿದು, ಇನ್‌ಟೇಕ್ ತೆರೆದ ಕೂಡಲೇ ಹಿಮ್ಮುಖವಾಗಿ ನುಗ್ಗುತ್ತದೆ. ಕಾರ್ಬ್ಯುರೇಟರ್ ಬಾಯಲ್ಲಿ ಪಟಪಟ ಸದ್ದು, ಎಳೆತದಲ್ಲಿ ಮಿಸ್ಸಿಂಗ್. ಇದನ್ನು ಎಷ್ಟೋ ಜನ ಇಗ್ನಿಷನ್ ದೋಷವೆಂದು ತಿಳಿದು ಪ್ಲಗ್, ವೈರ್, ಡಿಸ್ಟ್ರಿಬ್ಯೂಟರ್ ಬದಲಿಸುತ್ತಾ ಹೋಗುತ್ತಾರೆ. ಹೊಂದಿಸುವ ಟ್ಯಾಪೆಟ್ ಇರುವ ಎಂಜಿನ್‌ಗಳಲ್ಲಿ ಕ್ಲಿಯರೆನ್ಸ್ ಮತ್ತೆ ಮತ್ತೆ ಹೆಚ್ಚುತ್ತಿದೆಯೇ ಎಂಬುದೂ ಒಳ್ಳೆಯ ಸಾಕ್ಷಿ. ಕ್ಲಿಯರೆನ್ಸ್ ಹೊಂದಿಸುವುದು ಲೋಬಿನ ಹಿಂಬದಿಯ ವೃತ್ತದ ಮೇಲೆ. ಆದ್ದರಿಂದ ಮೂಗು ಮಾತ್ರ ಸವೆದರೆ ಅದು ಬದಲಾಗುವುದೇ ಇಲ್ಲ. ಹೆಚ್ಚಿತೆಂದರೆ ಟ್ಯಾಪೆಟ್ಟಿನ ಅಡಿ ಕರಗುತ್ತಿದೆ ಎಂದೇ ಮೊದಲು ಸಂಶಯ ಪಡಬೇಕು. ವಾಲ್ವ್ ಸೀಟು ಸವೆದು ಒಳಸರಿದಿದ್ದರೆ ಅದು ಕಡಿಮೆಯಾಗುತ್ತದೆ, ಹೆಚ್ಚುವುದಿಲ್ಲ. ಟ್ಯಾಪೆಟ್ ಸದ್ದಿಲ್ಲ, ಹಾಗಾಗಿ ಕ್ಯಾಮ್ ಚೆನ್ನಾಗಿದೆ ಎನ್ನುವ ಮಾತು ಹೈಡ್ರಾಲಿಕ್ ಟ್ಯಾಪೆಟ್‌ಗಳ ವಿಷಯದಲ್ಲಂತೂ ನಿಲ್ಲದು. ಅಡಿ ಸವೆದ ಅಂತರವನ್ನು ಅವು ತುಂಬಿಕೊಂಡು, ಪರಿಸ್ಥಿತಿ ಕೈಮೀರುವವರೆಗೂ ಮೌನವಾಗಿರುತ್ತವೆ. ಆಯಿಲ್ ಫಿಲ್ಟರನ್ನು ಕೊಯ್ದು ಕಾಗದದ ಮಡಿಕೆಗಳನ್ನು ಬಿಡಿಸಿ ಅಯಸ್ಕಾಂತ ಹಿಡಿಯುವುದು ಅಗ್ಗದ ಪರೀಕ್ಷೆ. ಅಂಟುವ ನುಣ್ಣನೆಯ ಕಪ್ಪು ಪುಡಿ ಕಬ್ಬಿಣದ್ದು. ಬೇರಿಂಗಿನ ಲೋಹ ಅಯಸ್ಕಾಂತಕ್ಕೆ ಅಂಟುವುದಿಲ್ಲ.

ಬಿಚ್ಚುವಾಗ ಟ್ಯಾಪೆಟ್‌ಗಳನ್ನು ಒಂದೇ ಡಬ್ಬಿಗೆ ಸುರಿದುಬಿಟ್ಟರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಪ್ರತಿಯೊಂದಕ್ಕೂ ಅದರ ಸಿಲಿಂಡರ್ ಸಂಖ್ಯೆ ಬರೆದು, ಅದರ ಲೋಬಿನ ಎದುರಿಗೇ ಇಟ್ಟು ನೋಡಬೇಕು. ಸ್ವಸ್ಥ ಲೋಬಿನ ಮೇಲೆ ಹೊಳಪಿನ ಪಟ್ಟಿ ಒಂದು ಬದಿಗೆ ಸರಿದಿರುತ್ತದೆ. ಮೂಗಿನ ಹತ್ತಿರ ಅಗಲವಾಗಿ, ಇಕ್ಕೆಲಗಳ ಇಳಿಜಾರಿನಲ್ಲಿ ಕಿರಿದಾಗಿ ಇರುತ್ತದೆ. ಅಂಚಿನಿಂದ ಅಂಚಿಗೆ ಹರಡಿರುವುದಿಲ್ಲ. ಪಟ್ಟಿ ಇಡೀ ಅಗಲಕ್ಕೆ ಹರಡಿದ್ದರೆ ಲೋಬಿನ ಇಳಿಜಾರು ಸವೆದುಹೋಗಿದೆ, ಇನ್ನು ಅದು ಟ್ಯಾಪೆಟ್ಟನ್ನು ತಿರುಗಿಸಲಾರದು. ಟ್ಯಾಪೆಟ್ಟಿನ ಅಡಿಯಲ್ಲಿ ಒಂದರೊಳಗೊಂದು ವೃತ್ತಗಳಂಥ ಮಂದ ಗುರುತು ಇದ್ದರೆ ಅದು ತಿರುಗುತ್ತಿತ್ತು. ನೇರ ಗೆರೆಗಳ ಒಂದೇ ಪಟ್ಟಿ ಇದ್ದರೆ ನಿಂತುಹೋಗಿತ್ತು. ಎರಡು ಟ್ಯಾಪೆಟ್‌ಗಳನ್ನು ಅಡಿಗೆ ಅಡಿ ಹಚ್ಚಿ ಬೆಳಕಿಗೆ ಹಿಡಿದರೆ, ಸರಿಯಾದವು ನಡುವಿನ ಉಬ್ಬಿನ ಮೇಲೆ ಸಣ್ಣಗೆ ಅಲುಗಾಡುತ್ತವೆ, ಅಂಚಿನಲ್ಲಿ ಬೆಳಕಿನ ಗೆರೆ ಕಾಣುತ್ತದೆ. ನಡುವೆ ಬೆಳಕು ಕಂಡು ಅಂಚುಗಳು ಅಂಟಿಕೊಂಡರೆ ಅಡಿ ಬಟ್ಟಲಿನಂತೆ ಕೊರೆದುಹೋಗಿದೆ. ಇದೇ ಪರೀಕ್ಷೆಯನ್ನು ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೊಸ ಟ್ಯಾಪೆಟ್‌ಗಳಿಗೂ ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಉಬ್ಬೇ ಇಲ್ಲದೆ ಮಾರಾಟಕ್ಕೆ ಬರುವ ಟ್ಯಾಪೆಟ್ ಹೊಸ ಕ್ಯಾಮನ್ನು ಮೊದಲ ದಿನವೇ ಮುಗಿಸುತ್ತದೆ. ಜೊತೆಗೆ ಬೋರ್‌ನ ಕಡೆಗೂ ಗಮನ ಬೇಕು. ಒಣಗಿದ ವಾರ್ನಿಷ್, ಬೋರ್‌ನ ಅಂಚಿನ ಒಂದು ಗೀರು, ತೀರ ಬಿಗಿಯಾದ ಕ್ಲಿಯರೆನ್ಸ್ ಇವೆಲ್ಲ ಒಳ್ಳೆಯ ಟ್ಯಾಪೆಟ್ಟನ್ನೂ ತಿರುಗಗೊಡುವುದಿಲ್ಲ. ಸ್ವಚ್ಛವಾದ ಬೋರ್‌ನಲ್ಲಿ ಟ್ಯಾಪೆಟ್ ತನ್ನ ಭಾರಕ್ಕೇ ಕೆಳಗಿಳಿಯಬೇಕು.

ಸವೆತ ಲೋಬಿನ ಯಾವ ಭಾಗದಲ್ಲಿದೆ ಎಂಬುದಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ. ಎಂಜಿನ್ ಐಡಲಿನಲ್ಲಿರುವಾಗ ಮೂಗಿನ ಮೇಲೆ ಸ್ಪ್ರಿಂಗಿನ ಪೂರ್ತಿ ಒತ್ತಡ ಬೀಳುತ್ತದೆ. ವೇಗ ಹೆಚ್ಚಿದಂತೆ ಮೇಲಕ್ಕೆ ಹಾರುತ್ತಿರುವ ವಾಲ್ವ್, ಪುಷ್‌ರಾಡ್‌ಗಳ ಜಡತ್ವವೇ ಆ ಒತ್ತಡದ ಒಂದಂಶವನ್ನು ಕಳೆಯುತ್ತದೆ. ಆದರೆ ಏರುವ ಇಳಿಜಾರಿನ ಮೇಲೆ ಅದೇ ಜಡತ್ವ ಭಾರ ಹೇರುತ್ತದೆ. ಹಾಗಾಗಿ ಮೂಗು ಮಾತ್ರ ಸುಲಿದಿದ್ದರೆ ಕಡಿಮೆ ವೇಗದ ಅಥವಾ ಮೊದಲ ಸ್ಟಾರ್ಟಿನ ಕೆಲಸ ಅದು. ಏರು ಇಳಿಜಾರು ಗುಳಿ ಬಿದ್ದಿದ್ದರೆ ಕ್ಯಾಮಿನ ಆಕಾರವೇ ಆ ವ್ಯವಸ್ಥೆಗೆ ತೀರ ಉಗ್ರವಾಯಿತೇನೋ. ಇಳಿಯುವ ಬದಿಯಲ್ಲಿ ಬಡಿತದ ಗುರುತಿದ್ದರೆ ಸ್ಪ್ರಿಂಗ್ ಸಾಲದೆ ಟ್ಯಾಪೆಟ್ ಲೋಬನ್ನು ಬಿಟ್ಟು ಹಾರಿ ಮತ್ತೆ ಬಂದು ಅಪ್ಪಳಿಸಿದೆ. ಈ ಕೊನೆಯದನ್ನು ಆಯಿಲಿನ ತಪ್ಪೆಂದು ತಿಳಿದು ಅದೇ ಸ್ಪ್ರಿಂಗ್ ಮತ್ತೆ ಹಾಕಿದವರಿಗೆ ಯಾವ ಝಿಂಕೂ ನೆರವಾಗದು. ಮೈಯ ಸ್ವರೂಪವೂ ಮಾತಾಡುತ್ತದೆ. ಲೋಹ ಲೋಹಕ್ಕೆ ಬೆಸೆದು ಕಿತ್ತುಬಂದ ಒರಟು ಗೀರುಗಳು ಪದರವೇ ಕಟ್ಟದಿದ್ದಾಗಿನವು. ಚೂಪು ಅಂಚಿನ ಗುಳಿಗಳು ಅತಿಭಾರದಿಂದ ಬಳಲಿದ ಲೋಹದವು. ಕನ್ನಡಿಯಂತೆ ನುಣುಪಾಗಿ ತೆಳುವಾದದ್ದು ಕೊಳಕು ಆಯಿಲಿನ ದೂಳು, ಮಸಿಯ ಕೆಲಸ. ಝಿಂಕ್ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆಯಿಂದ ಆಯಿಲಿಗೆ ಇನ್ನೊಂದು ಬಾಟಲಿ ಸುರಿಯುವವರು ನೆನಪಿಡಬೇಕಾದದ್ದೆಂದರೆ, ಅತಿಯಾದ ಪ್ರಮಾಣದಲ್ಲಿ ಅದು ತಾನೇ ಕಬ್ಬಿಣವನ್ನು ಕೊರೆಯಬಲ್ಲ ರಾಸಾಯನಿಕ.

ಕಣ್ಣೋಟ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ, ಮೈಕ್ರೋಮೀಟರ್ ಸುಳ್ಳಾಡುವುದಿಲ್ಲ ಎಂದು ಯಂತ್ರಶಾಲೆಯವರು ಹೇಳುವುದರಲ್ಲಿ ಸತ್ಯವಿದೆ. ಆದರೆ ಏನನ್ನು ಅಳೆಯುತ್ತಿದ್ದೇವೆ ಎಂಬುದು ಮುಖ್ಯ. ಲೋಬಿನ ಉದ್ದದಿಂದ ಅಗಲ ಕಳೆದು ಲಿಫ್ಟ್ ಲೆಕ್ಕ ಹಾಕುವ ಸುಲಭ ವಿಧಾನ ಸಾಧಾರಣ ಕ್ಯಾಮಿಗೆ ನಡೆಯುತ್ತದೆ. ವಾಲ್ವನ್ನು ಬಹಳ ಹೊತ್ತು ತೆರೆದಿಡುವ ರೇಸ್ ಕ್ಯಾಮಿನಲ್ಲಿ ಇಳಿಜಾರುಗಳು ಹಿಂಬದಿಯ ವೃತ್ತದೊಳಕ್ಕೂ ಚಾಚಿಕೊಂಡಿರುವುದರಿಂದ ಅಗಲದ ಅಳತೆಯೇ ತಪ್ಪುತ್ತದೆ. ಲಿಫ್ಟ್ ಇರುವುದಕ್ಕಿಂತ ಕಡಿಮೆ ಬಂದು, ಚೆನ್ನಾಗಿರುವ ಕ್ಯಾಮ್ ಸವೆದದ್ದೆನಿಸುತ್ತದೆ. ಶಾಫ್ಟನ್ನು ವಿ-ಬ್ಲಾಕಿನ ಮೇಲಿಟ್ಟು, ಇಲ್ಲವೇ ಎಂಜಿನ್ನಿನಲ್ಲೇ ಟ್ಯಾಪೆಟ್ಟಿನ ಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡುವುದೇ ಸರಿ. ಹೈಡ್ರಾಲಿಕ್ ಟ್ಯಾಪೆಟ್ ಇದ್ದು ಸ್ಪ್ರಿಂಗ್ ಒತ್ತುತ್ತಿದ್ದರೆ ಅದು ಒಳಗೇ ಕುಸಿದು ಗೇಜನ್ನು ದಾರಿತಪ್ಪಿಸುತ್ತದೆ; ಹಗುರ ಸ್ಪ್ರಿಂಗ್ ಅಥವಾ ಗಟ್ಟಿ ಟ್ಯಾಪೆಟ್ ಹಾಕಿ ಅಳೆಯಬೇಕು. ಲೋಬಿನಲ್ಲಿ 10 ಥೌ ಹೋದರೆ 1.5ರ ರಾಕರ್ ಅನುಪಾತದಲ್ಲಿ ವಾಲ್ವ್ 15 ಥೌ ಕಡಿಮೆ ತೆರೆಯುತ್ತದೆ. ಆದರೂ ನನ್ನ ಪ್ರಕಾರ ಅಂಕಿಗಿಂತ ಗುರುತಿಗೆ ಮಹತ್ವ ಹೆಚ್ಚು. ಒಂದೆರಡು ಥೌ ಮಾತ್ರ ಕಳೆದುಕೊಂಡು ಅಂಚಿನಿಂದ ಅಂಚಿಗೆ ಹೊಳೆಯುವ ಲೋಬ್, ಅಳತೆಯಲ್ಲಿ ಪಾಸಾಗಿ ಓಟದಲ್ಲಿ ಫೇಲಾಗುತ್ತದೆ.

ಶಕ್ತಿ ಹೆಚ್ಚಿಸುವ ಕೆಲಸದಲ್ಲಿ ಎಂಜಿನ್ ಕಟ್ಟುವವರ ಆಯ್ಕೆಗಳೇ ಈ ಸಮತೋಲವನ್ನು ಕದಲಿಸುತ್ತವೆ. ತಪ್ಪು ಅಲ್ಲಿ ಕಂಡರೆ ಒಪ್ಪಿಕೊಳ್ಳುವುದು ಕಷ್ಟವೆಂಬುದೂ ಆಯಿಲನ್ನು ದೂರುವ ಚಾಳಿಗೆ ಒಂದು ಕಾರಣ ಎಂದು ನನಗನಿಸುತ್ತದೆ. ಕಂಪನಿಯ ಸ್ಮಾಲ್ ಬ್ಲಾಕಿನಲ್ಲಿ ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಒತ್ತಡ 200 ಪೌಂಡಿನ ಆಸುಪಾಸು. ಎತ್ತರದ ಕ್ಯಾಮಿಗೆಂದು 300 ಪೌಂಡಿನ ಸ್ಪ್ರಿಂಗ್ ಹಾಕಿದರೆ, 1.5ರ ರಾಕರ್ ಮೂಲಕ ಲೋಬಿನ ಮೇಲೆ ಬೀಳುವುದು 450 ಪೌಂಡ್. ಇನ್ನಷ್ಟು ಲಿಫ್ಟ್ ಸಿಗಲೆಂದು ರಾಕರನ್ನು 1.6ಕ್ಕೆ ಬದಲಿಸಿದರೆ ಅದು 480. ವಾಲ್ವ್ ಇನ್ನೂ ಮೇಲೆ ತೆರೆದು ಸ್ಪ್ರಿಂಗನ್ನು ಮತ್ತಷ್ಟು ಅದುಮುವುದರಿಂದ ನಿಜವಾದ ಅಂಕಿ ಇನ್ನೂ ಹೆಚ್ಚು. ಎರಡು ಬದಲಾವಣೆಗಳೂ ಬಿಡಿಬಿಡಿಯಾಗಿ ನೋಡಿದರೆ ಸಣ್ಣವು. ಇದೇ ವೇಳೆ ಆಯಿಲ್ ಕ್ರ್ಯಾಂಕಿಗೆ ತಗುಲಿ ಶಕ್ತಿ ತಿನ್ನದಿರಲೆಂದು ವಿಂಡೇಜ್ ಟ್ರೇ, ಸ್ಕ್ರೇಪರ್ ಅಳವಡಿಸುತ್ತಾರೆ. ಸ್ಮಾಲ್ ಬ್ಲಾಕಿನ ಲೋಬ್‌ಗಳಿಗೆ ಆಯಿಲ್ ಸಿಗುವುದು ಹೆಚ್ಚಾಗಿ ಕ್ರ್ಯಾಂಕಿನಿಂದ ಸಿಡಿದೇ. ಭಾರ ಹೆಚ್ಚಿತು, ಆಯಿಲ್ ಕಡಿಮೆಯಾಯಿತು. ಹೊಸ ಕ್ಯಾಮಿನ ಮೊದಲ ಸ್ಟಾರ್ಟಿನಲ್ಲಿ ಎಂಜಿನ್ನನ್ನು ಐಡಲಿಗೆ ಬಿಡದೆ ತಕ್ಷಣ 2000ದಿಂದ 2500 ಸುತ್ತಿಗೇರಿಸಿ 20ರಿಂದ 30 ನಿಮಿಷ ಹಿಡಿಯಬೇಕೆಂಬ ನಿಯಮದ ಮರ್ಮವೂ ಇದೇ: ವೇಗದಲ್ಲಿ ಸಿಡಿತ ಹೆಚ್ಚು, ಮೂಗಿನ ಮೇಲಿನ ಭಾರ ಕಡಿಮೆ. ಜೋಡಿ ಸ್ಪ್ರಿಂಗ್ ಇದ್ದರೆ ಒಳಗಿನದನ್ನು ತೆಗೆದು ರನ್ನಿಂಗ್-ಇನ್ ಮುಗಿಸಿ ಆಮೇಲೆ ಹಾಕುವುದು ಬೇಸರದ ಕೆಲಸ. ಆ ಬೇಸರದಿಂದ ತಪ್ಪಿಸಿಕೊಂಡ ಎಂಜಿನ್‌ಗಳೇ ಎಷ್ಟೋ ಸಲ ಮತ್ತೆ ಬಿಚ್ಚಲು ಬರುತ್ತವೆ. ಕಾರ್ಬ್ಯುರೇಟರ್, ಇಗ್ನಿಷನ್ ಟೈಮಿಂಗ್ ಸರಿಯಿಲ್ಲದೆ ಹತ್ತು ನಿಮಿಷ ಸ್ಟಾರ್ಟರ್ ತಿರುಗಿಸುತ್ತಲೇ ಹೋದರೆ ಜೋಡಿಸುವಾಗ ಲೋಬಿಗೆ ಹಚ್ಚಿದ ಪೇಸ್ಟೆಲ್ಲ ಅಳಿಸಿಹೋಗಿ, ಎಂಜಿನ್ ಹಿಡಿಯುವ ಹೊತ್ತಿಗೆ ಕ್ಯಾಮ್ ಬರಿಮೈಯಲ್ಲಿರುತ್ತದೆ.

ಇದು ಅಮೆರಿಕದ ಹಳೆಯ ವಿ8ಗಳ ಕತೆ ಮಾತ್ರವಲ್ಲ. ಫೋರ್ಡ್ ಪಿಂಟೊ ಎಂದೇ ಕರೆಯಲಾಗುವ ಓವರ್‌ಹೆಡ್ ಕ್ಯಾಮ್ ಎಂಜಿನ್, ಎಸ್ಕಾರ್ಟ್ ಆರ್‌ಎಸ್2000 ಮೂಲಕ ರ‍್ಯಾಲಿಗಳಲ್ಲಿ ಹೆಸರು ಮಾಡಿದ್ದು, ಕ್ಯಾಮ್ ಸವೆತಕ್ಕೂ ಕುಖ್ಯಾತ. ಅಲ್ಲಿ ಅಪರಾಧಿ ಬಹುಪಾಲು ಲೋಬ್‌ಗಳ ಮೇಲೆ ಆಯಿಲ್ ಚಿಮುಕಿಸುವ ಕೊಳವೆ. ಅದರ ಸಣ್ಣ ತೂತುಗಳಲ್ಲಿ ಕೆಸರು ಕಟ್ಟಿದರೆ ಆಯಾ ತೂತಿನ ಕೆಳಗಿನ ಲೋಬ್ ಸವೆಯುತ್ತದೆ. ಆಯಿಲ್ ಎಷ್ಟೇ ಉತ್ತಮವಾಗಿದ್ದರೂ ಅಲ್ಲಿಗೆ ತಲುಪದಿದ್ದರೆ ಏನು ಬಂತು? ಬ್ಯುಯಿಕ್‌ನಿಂದ ಬಂದು ಬ್ರಿಟನ್ನಿನ ಸ್ಪೋರ್ಟ್ಸ್ ಕಾರುಗಳ ಬೆನ್ನೆಲುಬಾದ ರೋವರ್ ವಿ8ರಲ್ಲಿ ಬದಲಿಸದೆ ಬಿಟ್ಟ ಆಯಿಲಿನ ಕೆಸರೇ ಟ್ಯಾಪೆಟ್‌ಗಳನ್ನು ಹಿಡಿದಿಡುತ್ತದೆ. ಇಲ್ಲಿ ಆಯಿಲ್ ದೂಷಣೆಗೆ ಅರ್ಹ, ಆದರೆ ಝಿಂಕಿನ ಕಾರಣಕ್ಕಲ್ಲ. 2005ರ ಸುಮಾರಿಗೆ ಬಂದ ಗಾಲ್ಫ್ ಜಿಟಿಐನ 2.0 ಲೀಟರ್ ಟರ್ಬೊ ಎಂಜಿನ್ನಿನಲ್ಲಿ ವಾಲ್ವ್‌ಗಳ ಕಡೆಯ ಲೋಬ್‌ಗಳಿಗೆ ಏನೂ ಆಗದೆ, ಹೆಚ್ಚು ಒತ್ತಡದ ಫ್ಯುಯಲ್ ಪಂಪನ್ನು ಒತ್ತುವ ಲೋಬ್ ಮಾತ್ರ ಹಾಳಾಗುತ್ತಿತ್ತು: ನಡುವಿನ ಸಣ್ಣ ಫಾಲೋವರಿನ ಮೇಲಿನ ಲೇಪ ಸವೆದು, ಅದು ತೂತಾಗಿ, ಪಂಪಿನ ಕಡ್ಡಿಯೇ ನೇರವಾಗಿ ಕ್ಯಾಮಿಗೆ ತಗುಲುತ್ತಿತ್ತು.

ಇಷ್ಟೆಲ್ಲ ಯಾಕೆ, ಎಲ್ಲ ಹೊಸತು ಹಾಕಿ, ಇಲ್ಲವೇ ರೋಲರ್ ಕ್ಯಾಮಿಗೆ ಬದಲಿಸಿ ನಿಶ್ಚಿಂತರಾಗಬಹುದಲ್ಲ ಎಂಬುದು ಇಂದಿನ ಸಾಮಾನ್ಯ ಸಲಹೆ. ದುಡ್ಡಿದ್ದವರಿಗೆ ರೋಲರ್ ನಿಜಕ್ಕೂ ಒಳ್ಳೆಯ ದಾರಿ. ಉಜ್ಜಾಟದ ಬದಲು ಉರುಳಾಟ ಬರುತ್ತದೆ, ಗಟ್ಟಿ ಸ್ಪ್ರಿಂಗನ್ನೂ ತಾಳಿಕೊಳ್ಳುತ್ತದೆ. ಆದರೆ ರೋಲರಿನ ಒಳಗಿನ ಸೂಜಿ ಬೇರಿಂಗ್‌ಗಳಿಗೂ ಅದೇ ಸಿಡಿಯುವ ಆಯಿಲೇ ಆಸರೆ, ಮತ್ತು ಆ ಚಕ್ರ ಒಮ್ಮೆ ಸಿಕ್ಕಿಕೊಂಡರೆ ಚಪ್ಪಟೆ ಟ್ಯಾಪೆಟ್ಟಿಗಿಂತ ವೇಗವಾಗಿ ಕ್ಯಾಮನ್ನು ಕೆತ್ತುತ್ತದೆ. ಅರ್ಧ ಸಿಲಿಂಡರ್‌ಗಳನ್ನು ಆಗಾಗ ನಿಲ್ಲಿಸಿ ಇಂಧನ ಉಳಿಸುವ ಜನರಲ್ ಮೋಟರ್ಸ್ ವಿ8ಗಳಲ್ಲಿ ರೋಲರ್ ಟ್ಯಾಪೆಟ್ ಕೆಟ್ಟು ಕ್ಯಾಮ್ ಹಾಳಾಗುವುದು ಚೆನ್ನಾಗಿ ಗೊತ್ತಿರುವ ತೊಂದರೆ. ಓರೆ ಬೋರ್, ಸಾಲದ ಆಯಿಲ್, ಅತಿಯಾದ ಸ್ಪ್ರಿಂಗ್ ಇವು ರೋಲರ್ ಬಂದೊಡನೆ ಮಾಯವಾಗುವುದಿಲ್ಲ. ಎಲ್ಲ ಹೊಸತು ಹಾಕುವ ಸಲಹೆಯಲ್ಲಿ ಒಂದಂಶ ಮಾತ್ರ ಪ್ರಶ್ನಾತೀತ: ಹಳೆಯ ಟ್ಯಾಪೆಟ್ಟನ್ನು ಹೊಸ ಕ್ಯಾಮಿನ ಮೇಲೆ ಎಂದೂ ಇಡಬಾರದು. ಹಳೆಯ ಜೋಡಿ ಚೆನ್ನಾಗಿದ್ದರೆ ಪ್ರತಿ ಟ್ಯಾಪೆಟ್ ತನ್ನ ಹಳೆಯ ಲೋಬಿನ ಮೇಲೇ ಮರಳಬೇಕು.

ಕಾರಣ ಸಿಕ್ಕ ಮೇಲೂ ಎರಡು ಕೆಲಸಗಳು ಉಳಿಯುತ್ತವೆ. ಸವೆದ ಲೋಬಿನ ಲೋಹ ಎಲ್ಲೋ ಹೋಗಿರಲೇಬೇಕು. ಅದು ಮೊದಲು ಆಯಿಲ್ ಪಂಪನ್ನು ಹಾದು ಫಿಲ್ಟರಿಗೆ ಹೋಗುತ್ತದೆ. ಫಿಲ್ಟರ್ ತುಂಬಿ ಅದರ ಬೈಪಾಸ್ ತೆರೆದಿದ್ದರೆ ಬೇರಿಂಗ್‌ಗಳಿಗೂ. ಬ್ಲಾಕಿನ ಆಯಿಲ್ ದಾರಿಗಳ ಪ್ಲಗ್‌ಗಳನ್ನು ಬಿಚ್ಚಿ ಬ್ರಷ್ ಹಾಕಿ ತೊಳೆಯದೆ, ಬೇರಿಂಗ್‌ಗಳನ್ನು ತೆಗೆದು ನೋಡದೆ, ಕ್ಯಾಮ್ ಮಾತ್ರ ಬದಲಿಸಿ ಮುಚ್ಚಿದ ಎಂಜಿನ್ ಹಳೆಯ ಕ್ಯಾಮಿನ ಪುಡಿಯನ್ನೇ ಹೊಸ ಕ್ಯಾಮಿಗೆ ಉಣಿಸುತ್ತದೆ. ಇನ್ನೊಂದು ಕೆಲಸ ಇನ್‌ಟೇಕ್ ಮ್ಯಾನಿಫೋಲ್ಡ್ ಕೂರಿಸುವ ಮೊದಲಿನದು. ಹದಿನಾರೂ ಟ್ಯಾಪೆಟ್‌ಗಳ ಮೇಲ್ಭಾಗ ವಿ ಆಕಾರದ ಕಣಿವೆಯಲ್ಲಿ ಆಗ ಕಣ್ಣಿಗೆ ಕಾಣುತ್ತಿರುತ್ತದೆ. ಪ್ರತಿಯೊಂದಕ್ಕೂ ಬಣ್ಣದ ಒಂದು ಗೆರೆ ಎಳೆದು, ರನ್ನಿಂಗ್-ಇನ್‌ಗೆ ಬಳಸುವ ಸ್ಪ್ರಿಂಗ್‌ಗಳೇ ಇರುವಂತೆ, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಕೆಲವು ಸುತ್ತು ತಿರುಗಿಸಬೇಕು. ಗೆರೆಗಳು ತಂತಮ್ಮ ದಿಕ್ಕಿಗೆ ಸರಿಯುತ್ತಾ ಹೋಗುತ್ತವೆ. ಯಾವ ಗೆರೆ ಇದ್ದಲ್ಲೇ ಇದೆಯೋ ಆ ಟ್ಯಾಪೆಟ್ಟನ್ನು ಹೊರತೆಗೆದು ಅಡಿಯ ಉಬ್ಬು ನೋಡಬೇಕು, ಬೋರನ್ನು ಅಳೆಯಬೇಕು, ಬೇಕಾದರೆ ಬುಶ್ ಹಾಕಿಸಿ ನೇರ ಮಾಡಿಸಬೇಕು. ಅದು ತಿರುಗುವವರೆಗೂ ಮ್ಯಾನಿಫೋಲ್ಡ್ ಕೂರಿಸಬಾರದು.